ಮರಡಿಯ ಹಗೇವು

ನನಗೆ ಉರ್ದು ಬರುತ್ತಿತ್ತು. ನಮ್ಮ ಕೇರಿಯ ಕೇಡು ಅಲ್ಲಿಂದ ಶುರುವಾಯಿತು. ಕೆಲವರು ಗೌಡನ ಹೆಸರು ಹೇಳುತ್ತಾರೆ, ಕೆಲವರು ಸರ್ಕಾರದ ಹೆಸರು ಹೇಳುತ್ತಾರೆ, ಹಣೆಬರಹ ಎನ್ನುವವರೂ ಇದ್ದಾರೆ. ಅವರಿಗೆ ನಾನು ಎದುರಾಡುವುದಿಲ್ಲ. ಎದುರಾಡಿದರೆ ನನ್ನ ಹೆಸರು ಹೇಳಬೇಕಾಗುತ್ತದೆ.

ನನ್ನ ಹೆಸರು ಅಂಬ್ರಪ್ಪ. ನಮ್ಮಪ್ಪ ಸೈದಾಪುರದ ಹತ್ತಿರ ರೈಲು ಹಳಿಯ ಮೇಲೆ ಕೂಲಿಯಾಗಿದ್ದಾಗ ಅಲ್ಲಿನ ಶಾಲೆಯಲ್ಲಿ ನಾಲ್ಕು ವರ್ಷ ಓದಿದೆ. ಮಾಸ್ತರರು ನನ್ನನ್ನು ಬಾಗಿಲ ಹೊರಗೆ ಕೂರಿಸಿದರು, ಆದರೆ ಒಳಗಿನವರಿಗೆ ಕಲಿಸಿದಷ್ಟನ್ನು ನನಗೂ ಕಲಿಸಿದರು. ನಿಜಾಮರ ಕಾಲದಲ್ಲಿ ಕಚೇರಿಯ ಕಾಗದವೆಲ್ಲ ಉರ್ದುವಿನಲ್ಲಿ. ಅಪ್ಪ ಸತ್ತ ಮೇಲೆ ದೋರನಹಳ್ಳಿಯಿಂದ ಎರಡು ಹರದಾರಿ ಆಚೆಯ ನಮ್ಮೂರಿಗೆ ಮರಳಿದಾಗ, ನಲವತ್ತು ಗುಡಿಸಲಿನ ನಮ್ಮ ಕೇರಿಯಲ್ಲಿ ಕಾಗದ ಓದಬಲ್ಲವನು ನಾನೊಬ್ಬನೇ. ತುಂಬಿದ ಕೊಡ ತುಳುಕುವುದಿಲ್ಲ ಎನ್ನುತ್ತಾರೆ. ನಾನು ಓಣಿಯುದ್ದಕ್ಕೂ ತುಳುಕುತ್ತ ತಿರುಗುತ್ತಿದ್ದೆ.

ಕೇರಿಯನ್ನು ನಡೆಸುತ್ತಿದ್ದವಳು ಮರಿಲಿಂಗಮ್ಮ. ನಮ್ಮವ್ವನ ಅಕ್ಕ, ನನಗೆ ದೊಡ್ಡವ್ವ. ಹೆಸರಿಗೆ ಮೌನಪ್ಪ ಎಂಬ ಹಿರಿಯನಿದ್ದ. ಪಂಚಾಯ್ತಿ ಕೂಡಿದಾಗ ರುಮಾಲು ಸುತ್ತಿಕೊಂಡು ಮುಂದೆ ಕೂರುತ್ತಿದ್ದ. ಆದರೆ ತೀರ್ಪು ಹೇಳುವ ಮೊದಲು ಅವನೂ ದೊಡ್ಡವ್ವನ ಮುಖ ನೋಡುತ್ತಿದ್ದ. ಮಕ್ಕಳಿಲ್ಲದ ವಿಧವೆ, ಸೂಲಗಿತ್ತಿ. ಕೇರಿಯ ಅರ್ಧ ಜನ ಮೊದಲು ಕಂಡದ್ದು ಅವಳ ಕೈಯನ್ನು. ಅವಳ ಮಾತು ಒರಟು, ನಗು ಅಪರೂಪ. ಯಾರದಾದರೂ ಗುಡಿಸಲು ಸುಟ್ಟುಹೋದರೆ ಮರುದಿನ ಮನೆಗೊಂದು ಹೊರೆ ಹುಲ್ಲು ತರಿಸಿ, ಎಂಟು ದಿನದಲ್ಲಿ ಹೊಸ ಮಾಡು ಹೊದಿಸಿ, ಆಮೇಲೆ ಒಲೆ ಜೋಪಾನ ಮಾಡದ್ದಕ್ಕೆ ಆ ಮನೆಯವರನ್ನು ಬೈಯುತ್ತಿದ್ದಳು.

ನಮ್ಮ ಗುಡಿಸಲುಗಳು ಊರ ಹೊರಗಿನ ಮರಡಿಯ ಮೇಲಿದ್ದವು. ಸುತ್ತೆಲ್ಲ ಎರೆ ಭೂಮಿ, ನಡುವೆ ಇದೊಂದು ಗಟ್ಟಿ ಗರಸಿನ ದಿಬ್ಬ. ಬೆಳೆ ಬಾರದ ನೆಲ ಎಂದೇ ನಮ್ಮ ಹಿರಿಯರನ್ನು ಅಲ್ಲಿ ಇರಿಸಿದ್ದರು. ಮರಡಿ ಸರ್ಕಾರದ್ದು ಎಂದು ನಾವು ಹೇಳುತ್ತಿದ್ದೆವು; ತನ್ನದು ಎಂದು ಈಶಪ್ಪಗೌಡ ಹೇಳುತ್ತಿದ್ದ. ಊರ ಪಾಟೀಲಕಿ ಅವನ ಮನೆಯಲ್ಲೇ ಇದ್ದುದರಿಂದ ಅವನ ಮಾತೇ ನಡೆಯುತ್ತಿತ್ತು. ಯಾರೇ ಮಾಡಿಗೆ ಹೊಸ ಹುಲ್ಲು ಹೊದಿಸಬೇಕಾದರೂ ಮೊದಲು ಗೌಡನ ಹೊಲದಲ್ಲಿ ಎರಡು ದಿನ ಬಿಟ್ಟಿ ದುಡಿಯಬೇಕು. ಒಂದು ಗೂಟ ಸರಿಸಿದರೆ ಒಂದು ದಿನ. ಸೋರುವ ಮನೆಯಲ್ಲಿ ಮಲಗುವುದೇ ವಾಸಿ ಎಂದು ಎಷ್ಟೋ ಜನ ಸುಮ್ಮನಿದ್ದರು.

ಬೆಳೆ ಬಾರದ ಆ ನೆಲ ಒಂದಕ್ಕೆ ಮಾತ್ರ ಹೇಳಿ ಮಾಡಿಸಿದ್ದು: ಹಗೇವಿಗೆ. ಎರೆಯಲ್ಲಿ ಕಾಳಿನ ಹಗೇವು ತೋಡಿದರೆ ತೇವ ಹಿಡಿದು ಜೋಳ ಕೊಳೆಯುತ್ತದೆ. ಗರಸಿನಲ್ಲಿ ತೋಡಿ, ಒಳಗೋಡೆಗೆ ಮಣ್ಣು ಸೆಗಣಿ ಸಾರಿಸಿ, ಹೊಟ್ಟು ಹಾಸಿ ತುಂಬಿದರೆ ಮೂರು ವರ್ಷವಾದರೂ ಕಾಳು ಕೆಡುವುದಿಲ್ಲ. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಕೆಳಗೆ ಕೋಣೆಯಷ್ಟು ಹೊಟ್ಟೆ. ಮೇಲೆ ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ದನ ಅದರ ಮೇಲೆ ನಡೆದರೂ ಗೊತ್ತಾಗುವುದಿಲ್ಲ. ಅಂಥದೊಂದು ಹಳೆಯ ಹಗೇವು ದೊಡ್ಡವ್ವನ ಗುಡಿಸಲಿನ ಮುಂದಿತ್ತು. ಅವಳ ಗಂಡನ ಅಜ್ಜ ತೋಡಿದ್ದು. ಅದರಲ್ಲಿ ತುಂಬುವಷ್ಟು ಜೋಳ ಅವರ ಮನೆಗೆ ಎಂದೂ ಬರಲಿಲ್ಲ.

ಅದು ದೊಡ್ಡ ಯುದ್ಧದ ಕಾಲ. ಸರ್ಕಾರ ಹೊಲ ಇದ್ದವರಿಂದ ಲೆವಿ ಎಂದು ಜೋಳ ಅಳೆಸಿಕೊಳ್ಳುತ್ತಿತ್ತು. ಹೊಲದವರು ಸಿಟ್ಟನ್ನು ಸರ್ಕಾರದ ಮೇಲೆ ತೀರಿಸಿಕೊಳ್ಳಲಾಗದೆ ನಮ್ಮ ಕೂಲಿ ಇಳಿಸಿದರು. ರೇಷನ್ ಅಂಗಡಿ ಯಾದಗಿರಿಯಲ್ಲಿತ್ತು, ಯಾದಗಿರಿಯವರಿಗೆ. ಎರಡು ಶ್ರಾವಣ ನಾವು ಹುಣಸೆ ಬೀಜ ಹುರಿದು ತಿಂದೆವು, ತಗಚೆ ಸೊಪ್ಪು ಕುದಿಸಿ ತಿಂದೆವು. ಮೂರನೆಯ ವರ್ಷ ಸುಗ್ಗಿಯಲ್ಲಿ ದೊಡ್ಡವ್ವ ಬುಟ್ಟಿ ಹಿಡಿದು ಕೇರಿಯ ಬಾಯಿಗೆ ನಿಂತಳು. ಸಂಜೆ ರಾಶಿಯ ಕೂಲಿಜೋಳ ಕಟ್ಟಿಕೊಂಡು ಬರುವ ಪ್ರತಿಯೊಬ್ಬರನ್ನೂ ತಡೆದಳು.

"ಒಂದ ಮುಷ್ಟಿ ಹಾಕಿ ಮುಂದಕ್ಕ ಹೋಗ್ರಿ."

"ಇರೂದ ಎರಡ ಸೇರು ಐತಿ, ಅದರಾಗೂ ನಿನ್ನ ಪಾಲೇನಬೇ?" ಎಂದು ಒಬ್ಬ ರೇಗಿದ.

"ನನ್ನ ಪಾಲಲ್ಲಪಾ, ನಿನ್ನ ಶ್ರಾವಣದ ಪಾಲು. ಹಾಕು."

ಯಾರು ಎಷ್ಟು ಹಾಕಿದರೆಂದು ಬರೆದಿಡುತ್ತೇನೆ ಎಂದು ನಾನು ದೊಡ್ಡಸ್ತಿಕೆಯಿಂದ ಮುಂದೆ ಬಂದೆ. ಅವಳು ಕೈ ಒದರಿದಳು. "ಹಾಕಿದಾವರಿಗೆ ಹಾಕಿದಷ್ಟ ಕೊಡೂದಿದ್ರ ಅದಕ್ಕ ನಾ ಯಾಕಬೇಕು? ಅವರವರ ಗಡಗ್ಯಾಗ ಅವರ ಇಟ್ಕೊಳ್ಳಿ. ನಾ ಹೊಟ್ಟಿ ನೋಡಿ ಕೊಡ್ತೀನಿ."

ಹಾಗೆಯೇ ಕೊಟ್ಟಳು. ಮುಷ್ಟಿ ಹಾಕಿದವರಿಗೂ ಕೊಟ್ಟಳು, ಹಾಸಿಗೆ ಹಿಡಿದು ಹಾಕಲಾಗದವರಿಗೂ ಕೊಟ್ಟಳು, ಬೇಕೆಂದೇ ತಪ್ಪಿಸಿಕೊಂಡವರಿಗೂ ಬೈಯುತ್ತ ಕೊಟ್ಟಳು. ಆ ವರ್ಷ ನಮ್ಮ ಕೇರಿಯಲ್ಲಿ ಹಸಿವಿನಿಂದ ಯಾರೂ ಸಾಯಲಿಲ್ಲ. ಮುಂದಿನ ಸುಗ್ಗಿಗೆ ಬುಟ್ಟಿಯ ಮುಂದೆ ಜನ ತಾವಾಗಿಯೇ ನಿಂತರು. ನಿಜಾಮರ ಕಂದಾಯದ ಲೆಕ್ಕದಲ್ಲಿ ಫಸಲಿ ೧೩೫೫ರ ಸುಗ್ಗಿ ಮುಗಿದಾಗ ಹಗೇವಿನಲ್ಲಿ ಹದಿನೆಂಟು ಚೀಲ ಜೋಳವಿತ್ತು. ಚಪ್ಪಡಿ ಮುಚ್ಚಿದ ದಿನ ದೊಡ್ಡವ್ವ ನಕ್ಕಿದ್ದನ್ನು ನಾನು ಕಂಡೆ.

ಅದೇ ಬೇಸಿಗೆಯಲ್ಲಿ ಶಹಾಪುರದಿಂದ ಒಂದು ಸುದ್ದಿ ಬಂತು. ನಮ್ಮಂಥ ಜಾತಿಯವರು ಸರ್ಕಾರಿ ಜಾಗದಲ್ಲಿ ಬಹುಕಾಲದಿಂದ ಮನೆ ಕಟ್ಟಿಕೊಂಡಿದ್ದರೆ ಆ ಜಾಗದ ಪಟ್ಟಾ ಕೊಡುತ್ತಾರಂತೆ. ದೊಡ್ಡವ್ವ ನನ್ನ ಗುಡಿಸಲಿಗೆ ಬಂದು ಕೂತಳು.

"ಬರಿಯಪಾ ಅಂಬ್ರಪ್ಪ. ಜೋಳ ಒಂದ ವರ್ಷದ್ದು. ಮನಿ ಜಾಗಾ ನಮ್ಮದಾತಂದ್ರ ಮಾಡು ಹೊದಸಾಕ ಯಾರ ಕಾಲೂ ಹಿಡಿಯೂದಿಲ್ಲ. ಚೆಂದಂಗ ಬರಿ."

ಪಟ್ಟಾ ಕೇಳುವ ದರ್ಖಾಸ್ತನ್ನು ಚೆಂದ ಬರೆದೆ. ಮೂರು ದಿನ ಕೂತು, ಎರಡು ಸಲ ಹರಿದು, ಮೂರನೆಯ ಸಲ ಬರೆದೆ. ಬಹುಕಾಲದಿಂದ ಇದ್ದೇವೆ ಎಂಬುದಕ್ಕೆ ಸಾಕ್ಷಿ ಏನು ಎಂದು ಯೋಚಿಸಿದಾಗ ನನಗೆ ಹಗೇವು ಹೊಳೆಯಿತು. ನಮ್ಮ ಕಡೆ ಹಿರಿಯರು ನ್ಯಾಯ ಮಾಡುವಾಗ ಒಂದು ಮಾತಿದೆ: ಹಗೇವು ಯಾರದೋ ಅಂಗಳ ಅವರದು. ಇನ್ನೊಬ್ಬರ ನೆಲದಲ್ಲಿ ತನ್ನ ಕಾಳು ಹುಗಿಯುವ ಹುಚ್ಚ ಯಾರೂ ಇಲ್ಲ. ಗಡಿಯ ಎಷ್ಟೋ ಜಗಳ ಆ ಒಂದು ಮಾತಿನಿಂದ ಮುಗಿದದ್ದನ್ನು ನಾವೆಲ್ಲ ಕಂಡಿದ್ದೆವು. ದರ್ಖಾಸ್ತಿನ ಕೊನೆಗೆ ಬರೆದೆ: "ನಮ್ಮ ಹಿರಿಯರ ಕಾಲದ ಹಗೇವು ಈ ಜಾಗದಲ್ಲಿದೆ, ಇಂದಿಗೂ ಅದರಲ್ಲಿ ನಮ್ಮ ಜೋಳವಿದೆ, ಸರ್ಕಾರದವರು ಬಂದು ಕಣ್ಣಾರೆ ನೋಡಬಹುದು." ಕೇರಿಯವರಿಗೆ ಓದಿ, ಕನ್ನಡದಲ್ಲಿ ಹೇಳಿದೆ. ಮೌನಪ್ಪ ತಲೆದೂಗಿದ. ದೊಡ್ಡವ್ವ ಎಲ್ಲರಿಗಿಂತ ಮೊದಲು ಹೆಬ್ಬೆಟ್ಟು ಒತ್ತಿದಳು. ಲೆವಿಯ ನೆನಪು ನಲವತ್ತು ಮನೆಯವರಲ್ಲಿ ಒಬ್ಬರಿಗೂ ಬರಲಿಲ್ಲ. ಲೆವಿ ಹೊಲ ಇದ್ದವರ ತಲೆನೋವು, ನಮಗೆ ಹೊಲವೆಲ್ಲಿತ್ತು?

ಶಹಾಪುರದ ಕಚೇರಿಯಲ್ಲಿ ಕಾಗದ ತೆಗೆದುಕೊಂಡವರು ಗಿರದಾವರ ಇಸ್ಮಾಯಿಲಸಾಬರು. ನಮ್ಮ ಭಾಗದ ಜಮೀನು, ಕಂದಾಯ ಎಲ್ಲ ಅವರ ಕೈಯಲ್ಲಿ. ಎದುರಿನ ಬೆಂಚಿನ ಮೇಲೆ ಗೌಡನ ಗುಮಾಸ್ತ ಕೂತು ಅಡಿಕೆ ಅಗಿಯುತ್ತಿದ್ದ. ಸಾಬರು ಕಾಗದವನ್ನು ಕೊನೆಯವರೆಗೆ ಓದಿ, ಬೆಂಚಿನ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿದರು.

"ಅಕ್ಷರ ಭಾಳ ಚೊಲೊ ಅದಾವ. ಆದ್ರ ಈ ಕಡೀ ಮಾತು ತೆಗದ್ಹಾಕು. ಮನಿ ಅದಾವ, ಜನ ಅದಾರ, ಅಷ್ಟ ಸಾಕು. ಹಗೇವಿನ ಸುದ್ದಿ ಯಾಕ?"

"ಅದ ನಮ್ಮ ಪುರಾವೆರಿ ಸಾಹೇಬ್ರ."

"ನಾ ಹೇಳೂದು ಕೇಳು. ಬ್ಯಾರೆ ಬರ್ಕೊಂಡು ಬಾ."

ಅವರ ಕಣ್ಣು ಮತ್ತೆ ಬೆಂಚಿನ ಕಡೆ ಹೋಯಿತು. ನಾನು ಅದನ್ನು ನೋಡಿದೆ, ನನ್ನ ಜಾಣತನಕ್ಕೆ ತಕ್ಕಂತೆ ಅರ್ಥ ಮಾಡಿಕೊಂಡೆ. ಇವರು ಗೌಡನ ಕಡೆಯವರು, ನಮ್ಮ ಗಟ್ಟಿ ಸಾಕ್ಷಿಯನ್ನೇ ತೆಗೆಸಲು ನೋಡುತ್ತಿದ್ದಾರೆ ಎಂದುಕೊಂಡೆ.

"ಇರೂದು ಖರೇ ಐತ್ರಿ. ಹಂಗ ಇರ್ಲಿ," ಎಂದು ಗಟ್ಟಿಯಾಗಿ, ಬೆಂಚಿನವನಿಗೂ ಕೇಳುವಂತೆ ಹೇಳಿದೆ.

ಸಾಬರು ಮೊಹರು ಒತ್ತಿದರು. ಊರಿಗೆ ಬಂದು, ಗಿರದಾವರನ ಎದುರು ಹೇಗೆ ಮಾತಾಡಿದೆ ಎಂದು ಎಲ್ಲರಿಗೂ ಹೇಳಿದೆ. ನನ್ನ ಹೆಂಡತಿ ದೇವಕಮ್ಮ ಮಾತ್ರ, "ಅವ್ರು ತೆಗಿ ಅಂದಿದ್ಯಾಕ, ಕೇಳೂದಲ್ಲೇನು?" ಎಂದಳು. ಹೆಂಗಸಿಗೆ ಕಚೇರಿಯ ಮಾತು ತಿಳಿಯುವುದಿಲ್ಲ ಎಂದು ಅವಳ ಬಾಯಿ ಮುಚ್ಚಿಸಿದೆ.

ಮಿರಗದ ಮುಂಗಾರು ಮಳೆ ಶುರುವಾಗುವ ಮೊದಲೇ ತಹಸೀಲ್ದಾರರು ಬಂದರು. ಹೈದರಾಬಾದಿನ ಕಡೆಯಿಂದ ಹೊಸದಾಗಿ ಬಂದವರು, ಕನ್ನಡದ ಗಂಧವಿರಲಿಲ್ಲ. ಜೊತೆಗೆ ಎರಡು ಖಾಲಿ ಬಂಡಿ, ನಾಲ್ವರು ಪೊಲೀಸರು, ಜವಾನ ಖಾಜಾಹುಸೇನ, ಮತ್ತೆ ಈಶಪ್ಪಗೌಡ. ಇಸ್ಮಾಯಿಲಸಾಬರು ಇರಲಿಲ್ಲ, ಅವರನ್ನು ಸುರಪುರದ ಕಡೆ ಯಾವುದೋ ಕೆಲಸಕ್ಕೆ ಕಳಿಸಿದ್ದರು. ಪಟ್ಟಾ ಕೊಡಲು ಬಂದರೆಂದು ಹೆಂಗಸರು ಅಂಗಳಕ್ಕೆ ನೀರು ಚಿಮುಕಿಸಿದರು. ಖಾಲಿ ಬಂಡಿ ಯಾಕೆ ತಂದರು ಎಂದು ನನಗೆ ಆಗ ಹೊಳೆಯಿತು. ಜೋಳ ತುಂಬಲು.

ತಹಸೀಲ್ದಾರರು ಹಗೇವು ತೋರಿಸಲು ಹೇಳಿದರು. ಮಣ್ಣು ಕೆತ್ತಿ ಚಪ್ಪಡಿ ಸರಿಸಿದರು. ಒಳಗಿನ ಜಳ ಮುಖಕ್ಕೆ ಹೊಡೆಯಿತು. ಇಳಿದು ನೋಡು ಎಂದು ಅವರು ಖಾಜಾಹುಸೇನನಿಗೆ ಹೇಳಿದರು. ಅವನು ಟೊಪ್ಪಿಗೆ ತೆಗೆದಿಟ್ಟು ಕಾಲು ಇಳಿಬಿಟ್ಟ. ದೊಡ್ಡವ್ವ ಓಡಿಬಂದು ಅವನ ರಟ್ಟೆ ಹಿಡಿದು ಹಿಂದಕ್ಕೆಳೆದಳು.

"ಸಾಯಾಕ ಹೊಂಟೀಯೇನಪಾ? ಮೊದಲ ದೀಪ ಇಳಸಬೇಕು."

ತಿಂಗಳುಗಟ್ಟಲೆ ಮುಚ್ಚಿದ ಹಗೇವಿನಲ್ಲಿ ಉಸಿರಿಗೆ ಗಾಳಿ ಇರುವುದಿಲ್ಲ. ಬಾಯಿ ತೆಗೆದು ಅರ್ಧ ದಿನ ಬಿಡಬೇಕು, ಹಗ್ಗಕ್ಕೆ ಕಂದೀಲು ಕಟ್ಟಿ ಇಳಿಸಬೇಕು, ಅದು ಆರದೆ ಉರಿದರೆ ಮಾತ್ರ ಮನುಷ್ಯ ಇಳಿಯಬೇಕು. ದೊಡ್ಡವ್ವ ಕಂದೀಲು ಇಳಿಸಿದಳು. ಮೂರು ಮೊಳ ಹೋಗುವಷ್ಟರಲ್ಲಿ ಆರಿಹೋಯಿತು. ಖಾಜಾಹುಸೇನನ ಮುಖ ಬಿಳಿಚಿತು. ದೊಡ್ಡವ್ವ ಸುಮ್ಮನಿದ್ದಿದ್ದರೆ ಅವನ ಹೆಣ ತೆಗೆಯುವ ಗದ್ದಲದಲ್ಲಿ ಎಲ್ಲರೂ ಜೋಳ ಮರೆಯುತ್ತಿದ್ದರೋ ಏನೋ. ಆ ಯೋಚನೆ ನನಗೆ ಬಂತು, ಅವಳಿಗೆ ಬರಲಿಲ್ಲ. ನಮ್ಮ ತುತ್ತು ಕಸಿಯಲು ಬಂದವನನ್ನು ಮಧ್ಯಾಹ್ನದವರೆಗೆ ನೆರಳಲ್ಲಿ ಕೂರಿಸಿ ಕುಡಿಯಲು ನೀರು ಬೇಕೇನೆಂದು ಕೇಳಿದಳು. ಅವನು ಒಂದು ಗಳಿಗೆ ತಡೆದು, ಆಮೇಲೆ ಬೊಗಸೆಯೊಡ್ಡಿದ. ಅವಳು ಮೇಲಿಂದ ಹೊಯ್ದಳು.

ಮಧ್ಯಾಹ್ನದ ಮೇಲೆ ಕಂದೀಲು ಉರಿಯಿತು. ಜೋಳ ಬುಟ್ಟಿ ಬುಟ್ಟಿಯಾಗಿ ಮೇಲೆ ಬಂತು. ತಹಸೀಲ್ದಾರರು ಬೇವಿನ ಕೆಳಗೆ ಕುರ್ಚಿ ಹಾಕಿಸಿಕೊಂಡು ವಿಚಾರಣೆ ಶುರುಮಾಡಿದರು.

ಗೌಡ ಮೊದಲೇ ತನ್ನ ಮಾತು ಸಿದ್ಧ ಮಾಡಿಕೊಂಡಿದ್ದ. ಉರ್ದುವಿನಲ್ಲಿ ಹೇಳಿದ: ಮರಡಿ ನನ್ನದು, ಹಗೇವು ನನ್ನದು, ಲೆವಿಗೆಂದು ತೆಗೆದಿಟ್ಟ ಜೋಳ ಇದು, ಕಾಯಲು ಈ ಜನರನ್ನು ಇಟ್ಟಿದ್ದೇನೆ. ಅವನ ಲೆವಿ ಅರ್ಧಕ್ಕರ್ಧ ಬಾಕಿಯಿತ್ತು, ಅವನ ಜೋಳ ಎಲ್ಲಿ ಹುಗಿದಿತ್ತೋ ದೇವರಿಗೇ ಗೊತ್ತು. ಒಂದೇ ಕಲ್ಲಿಗೆ ಲೆವಿಯೂ ತೀರುತ್ತದೆ, ನೆಲವೂ ಸಿಗುತ್ತದೆ.

ತಹಸೀಲ್ದಾರರು ನನ್ನ ದರ್ಖಾಸ್ತು ತೆಗೆದು ಮೊದಲ ಹೆಬ್ಬೆಟ್ಟಿನವಳನ್ನು ಕರೆದರು. ಅವಳ ಮಾತನ್ನು ಉರ್ದುವಿನಲ್ಲಿ ಹೇಳಲು ನನ್ನನ್ನು ನಿಲ್ಲಿಸಿದರು. ಶುದ್ಧ ಉರ್ದುವಿನಲ್ಲಿ, ಕೇರಿಯವರಲ್ಲಿ ನನಗೊಬ್ಬನಿಗೇ ತಿಳಿಯುವಂತೆ, ಹೇಳಿದರು: "ಜೋಳ ಗೌಡರದಾದರೆ ಲೆವಿಗೆ ಜಮಾ. ಇವಳದಾದರೆ ಸರ್ಕಾರಕ್ಕೆ ತಿಳಿಸದೆ ಬಚ್ಚಿಟ್ಟ ಮಾಲು. ಇವಳು ಜೈಲಿಗೆ ಹೋಗುತ್ತಾಳೆ, ಬರೆದುಕೊಟ್ಟ ನೀನೂ ಹೋಗುತ್ತೀಯ. ಕೇಳು, ಯಾರದು?"

ನಾನು ದೊಡ್ಡವ್ವನ ಕಡೆ ತಿರುಗಿದೆ. "ಜೋಳ ಯಾರದು ಅಂತ ಕೇಳಾಕತ್ತಾರವ್ವ. ನಮ್ಮದು ಅಂದ್ರ ಜೇಲಿಗಿ ಒಯ್ತಾರಂತ."

ಅವಳು ತಡಮಾಡಲಿಲ್ಲ. "ಒಯ್ದ್ರ ಒಯ್ಯಲಿ. ಜೋಳ ನಮ್ಮದು, ಹಗೇವು ನಮ್ಮದು, ನೆಲಾ ನಮ್ಮದು. ಜೋಳ ಬೇಕಾದ್ರ ತಗೊಂಡು ಹೋಗ್ಲಿ, ಆದ್ರ ನೆಲ ನಮ್ಮದಂತ ಬರೀಲಿ. ಹಂಗ ಹೇಳು."

ಎಲ್ಲರೂ ನನ್ನ ಬಾಯಿ ನೋಡುತ್ತಿದ್ದರು. ಅವಳಿಗೆ ಅರವತ್ತರ ಹತ್ತಿರ ವಯಸ್ಸು. ಜೈಲಿನಿಂದ ಅವಳು ಬದುಕಿ ಬರುವುದಿಲ್ಲ ಎಂದು ನನಗನ್ನಿಸಿತು. ಅವಳನ್ನು ಉಳಿಸಬೇಕು ಎಂದು ಮನಸ್ಸಿಗೆ ಹೇಳಿಕೊಂಡೆ. ಖರೆ ಹೇಳಬೇಕೆಂದರೆ, ನೀನೂ ಹೋಗುತ್ತೀಯ ಎಂಬ ಮಾತು ಕಿವಿಯಲ್ಲಿ ಇನ್ನೂ ಗುಂಯ್ಗುಡುತ್ತಿತ್ತು.

ಉರ್ದುವಿನಲ್ಲಿ ಹೇಳಿದೆ: "ಜೋಳ ಗೌಡರದು ಎನ್ನುತ್ತಾಳೆ, ಹುಜೂರ್. ನಾವು ಕಾಯುವವರು."

"ಮತ್ತೆ ಈ ದರ್ಖಾಸ್ತು?"

"ನನ್ನ ತಪ್ಪು, ಹುಜೂರ್. ಅರೆಬರೆ ಓದಿದವನು, ತಿಳಿಯದೆ ಬರೆದೆ. ನೆಲವೂ ಅವರದೇ."

ಈಶಪ್ಪಗೌಡನಿಗೆ ಎರಡೂ ಭಾಷೆ ಬರುತ್ತಿತ್ತು. ಅವನು ಮೀಸೆಯ ಮೇಲೆ ಬೆರಳಾಡಿಸುತ್ತ ನನ್ನನ್ನು ನೋಡಿದ. ಖಾಜಾಹುಸೇನನಿಗೂ ಎರಡೂ ಬರುತ್ತಿತ್ತು. ಅವನು ತಲೆ ತಗ್ಗಿಸಿ ಚೀಲದ ಬಾಯಿ ಹೊಲಿಯುತ್ತ ಕೂತ. ಪಂಚನಾಮೆ ಬರೆದರು, ದೊಡ್ಡವ್ವನ ಹೆಬ್ಬೆಟ್ಟು ಒತ್ತಿಸಿದರು. ಕೆಳಗೆ ಸಾಕ್ಷಿ ಎಂದು ನಾನು ರುಜು ಹಾಕಿದೆ. ಅಕ್ಷರ ಚೆಂದವಾಗಿಯೇ ಬಂದವು.

ಬಂಡಿ ಹೋದ ಮೇಲೆ ದೊಡ್ಡವ್ವ ನನ್ನನ್ನು ಕೇಳಿದಳು. "ನಾ ಹೇಳಿದಂಗ ಹೇಳಿದ್ಯಾ?"

"ಹೇಳೀನಿ."

"ನೆಲ ನಮ್ಮದಂತ ಬರದ್ರ್ಯಾ?"

"ಬರದಾರವ್ವ."

"ಮತ್ತ ಜೇಲಿಗಿ ಒಯ್ಯಲಿಲ್ಲಲ್ಲ."

ಅವಳೇ ಉತ್ತರ ಕಂಡುಕೊಂಡಳು. ಕೇರಿಯ ಕಡೆ ತಿರುಗಿ ಹೇಳಿದಳು: "ನೋಡ್ರಿ, ಖರೇ ಹೇಳಿದ್ರ ಯಾರೂ ಏನೂ ಮಾಡಂಗಿಲ್ಲ. ಜೋಳ ಹೋತು, ಹೋಗ್ಲಿ. ನೆಲ ಉಳೀತು."

ಆ ಮಾತನ್ನು ಉಂಡು ನಮ್ಮ ಕೇರಿ ಆ ಶ್ರಾವಣ ಕಳೆಯಿತು. ಜೋಳ ಹೋತು, ನೆಲ ಉಳೀತು. ಒಲೆ ಹೊತ್ತಿಸದ ಮನೆಗಳ ಮುಂದೆ ದೊಡ್ಡವ್ವ ಹೋಗಿ ಕೂತು ಇದನ್ನೇ ಹೇಳುತ್ತಿದ್ದಳು. ಇನ್ನೊಂದು ವರ್ಷ ತಾಳಿರಿ, ಪಟ್ಟಾ ಬರುತ್ತದೆ, ಆಮೇಲೆ ಮಾಡಿಗೆ ಹೊಸ ಹುಲ್ಲು ಹೊದಿಸೋಣ ಎನ್ನುತ್ತಿದ್ದಳು. ಹಿರಿಯ ಮೌನಪ್ಪ ತನ್ನ ಪಾಲಿನ ಅಂಬಲಿಯನ್ನು ಸೊಸೆಯ ಮಕ್ಕಳಿಗೆ ಕೊಟ್ಟು ಕೊಟ್ಟು ಭಾದ್ರಪದದಲ್ಲಿ ಸತ್ತ. ಜ್ವರದಿಂದ ಸತ್ತನೆಂದು ಪಾಟೀಲನ ದಫ್ತರದಲ್ಲಿ ಬರೆದರು. ಸಾಯುವ ಹಿಂದಿನ ದಿನ ನನ್ನ ಕೈ ಹಿಡಿದು, "ನೀ ಓದಿದ್ದಕ್ಕ ಸಾರ್ಥಕ ಆತಪಾ, ಮೊಮ್ಮಕ್ಕಳಿಗೆ ನೆಲ ಆತು," ಎಂದ. ಆಗಲಾದರೂ ಹೇಳಿಬಿಡಬೇಕಿತ್ತು. ಹೇಳಲಿಲ್ಲ. ಸಾಯುವವನ ಸಮಾಧಾನ ಯಾಕೆ ಕೆಡಿಸಲಿ ಎಂದುಕೊಂಡೆ. ಹೇಡಿಗೆ ನೆವ ಹುಡುಕಲು ಯಾವಾಗಲೂ ಬುದ್ಧಿ ಓಡುತ್ತದೆ.

ಗೌಡ ಅವಸರ ಮಾಡಲಿಲ್ಲ. ದಾರಿಯಲ್ಲಿ ಸಿಕ್ಕಾಗ, "ಹೆಂಗದೀಯೋ ಮುನಶಿ?" ಎಂದು ಕೇಳುತ್ತಿದ್ದ. ನಾನು ಕೈ ಮುಗಿಯುತ್ತಿದ್ದೆ. ಆ ವರ್ಷ ನನ್ನ ಮಾಡಿಗೆ ಹುಲ್ಲು ಹೊದಿಸಲು ಅವನು ಬಿಟ್ಟಿ ಕೇಳಲಿಲ್ಲ. ದೇವಕಮ್ಮ ಯಾಕೆಂದು ಕೇಳಿದಳು, ಗೌಡರಿಗೆ ಕನಿಕರ ಬಂತು ಎಂದೆ. ಅವಳು ನನ್ನನ್ನು ನೋಡಿದ ರೀತಿ ನನಗೆ ನೆನಪಿದೆ.

ಮರುವರ್ಷ ಬೇಸಿಗೆಯಲ್ಲಿ ಪಟ್ಟಾದ ಹುಕುಂ ನಿಜವಾಗಿಯೂ ಬಂತು. ಸುತ್ತಲಿನ ಎರಡು ಹಳ್ಳಿಗಳಲ್ಲಿ ಕೊಟ್ಟೂ ಕೊಟ್ಟರು. ನಮ್ಮ ಊರಿಗೆ ಗಿರದಾವರ ಇಸ್ಮಾಯಿಲಸಾಬರೇ ಬಂದರು, ದಫ್ತರದ ಗಂಟು ಹೊತ್ತು ಖಾಜಾಹುಸೇನ ಬಂದ. ದೊಡ್ಡವ್ವ ತಲೆಗೆ ಎಣ್ಣೆ ಹಚ್ಚಿ ಬಾಚಿಕೊಂಡು, ಒಗೆದ ಸೀರೆ ಉಟ್ಟು, ಬೇವಿನ ಕೆಳಗೆ ಎಲ್ಲರಿಗಿಂತ ಮುಂದೆ ನಿಂತಳು.

ಸಾಬರು ಗಂಟು ಬಿಚ್ಚಲಿಲ್ಲ. "ಮರಿಲಿಂಗಮ್ಮ, ನಿಮ್ಮ ಕೇರಿಗಿ ಪಟ್ಟಾ ಬರಂಗಿಲ್ಲವ್ವ," ಎಂದರು.

"ಯಾಕ್ರಿ? ಪಂಚನಾಮಿ ಐತಲ್ರಿ. ನೆಲ ನಮ್ಮದಂತ ಬರದಾರ."

"ಯಾರಂದ್ರು?"

"ನಾನ ಹೇಳಿ ಬರಸೀನ್ರಿ. ನನ್ನ ಹೆಬ್ಬೆಟ್ಟ ಐತಿ. ಓದ್ರಿ ನೀವು."

ಇಸ್ಮಾಯಿಲಸಾಬರು ನನ್ನ ಕಡೆ ನೋಡಿದರು. ಆ ನೋಟದಲ್ಲಿ ಸಿಟ್ಟಿರಲಿಲ್ಲ. ಅವರು ಗಂಟು ಬಿಚ್ಚಿ ಕಾಗದ ತೆಗೆದು, ಒಂದೊಂದೇ ಸಾಲು ಉರ್ದುವಿನಲ್ಲಿ ಓದಿ ಕನ್ನಡದಲ್ಲಿ ಹೇಳಿದರು. ಜೋಳ ಈಶಪ್ಪಗೌಡರದು. ಹಗೇವು ಈಶಪ್ಪಗೌಡರದು. ನೆಲ ಈಶಪ್ಪಗೌಡರದು. ನಾವು ಕಾಯುವವರು ಎಂದು ಮರಿಲಿಂಗಮ್ಮ ಒಪ್ಪಿದ್ದಾಳೆ. ಸಾಕ್ಷಿ, ಅಂಬ್ರಪ್ಪ.

"ತಪ್ಪ ಓದೀರಿ," ಎಂದಳು ದೊಡ್ಡವ್ವ. "ಇನ್ನೊಮ್ಮೆ ಓದ್ರಿ."

ಅವರು ಇನ್ನೊಮ್ಮೆ ಓದಿದರು. ಅವಳು ಖಾಜಾಹುಸೇನನ ಕಡೆ ತಿರುಗಿದಳು. "ಅವತ್ತ ನೀ ಇದ್ದೆಲ್ಲಪಾ. ನಾ ಏನ ಹೇಳಿದ್ನಿ?"

ಖಾಜಾಹುಸೇನ ನೆಲ ನೋಡುತ್ತ ಹೇಳಿದ. "ನೀ ಖರೇನ ಹೇಳಿದ್ದೆವ್ವ. ಇಂವ ಬ್ಯಾರೆ ಹೇಳಿದ."

ದೊಡ್ಡವ್ವ ನನ್ನ ಎದುರಿಗೆ ಬಂದು ನಿಂತಳು. ಹೊಡೆಯುತ್ತಾಳೆ ಎಂದುಕೊಂಡೆ, ಹೊಡೆದಿದ್ದರೆ ಚೆನ್ನಾಗಿತ್ತು.

"ನಿನ್ನ ಜೇಲಿಗಿ ಹಾಕ್ತಿದ್ರವ್ವ," ಎಂದೆ.

"ಹಾಕ್ಲಿ ಅಂತ ಬಿಡಬೇಕಿತ್ತು," ಎಂದಳು. "ಜೇಲಿಗಿ ಹೋದಾವರು ತಿರುಗಿ ಬರ್ತಾರ. ಬರದಿದ್ರೂ ನಾ ಒಬ್ಬಾಕಿ. ಈ ನೆಲ ತಿರುಗಿ ಬರತೈತೇನು? ಮೌನಪ್ಪ ಬರ್ತಾನೇನು?"

ಆಮೇಲೆ ದನಿ ಇನ್ನೂ ತಗ್ಗಿಸಿ ಹೇಳಿದಳು: "ಒಂದ ವರ್ಷ ನನ್ನ ಬಾಯಿಲೆ ಸುಳ್ಳ ಹೇಳಿಸಿದೆಲ್ಲೋ. ಹಸದಾವರ ಮುಂದ ಕುಂತು ಹೇಳೀನಿ ನಾ."

ಹೊರಡುವಾಗ ಇಸ್ಮಾಯಿಲಸಾಬರು ನನ್ನ ಹತ್ತಿರ ಒಂದು ಗಳಿಗೆ ನಿಂತರು. "ಅವತ್ತ ಬೆಂಚಿನ ಮ್ಯಾಲ ಗೌಡನ ಮನಶ್ಯಾ ಕುಂತಿದ್ದ. ಅದಕ್ಕಿಂತ ಬಿಚ್ಚಿ ಹೆಂಗ ಹೇಳ್ಲಿ ನಾ?" ಎಂದರು. ಅವರು ಬೈದಿದ್ದರೂ ಸಹಿಸಬಹುದಿತ್ತು.

ಆ ಮಳೆಗಾಲಕ್ಕೆ ಮೊದಲು ಗೌಡ ಮರಡಿ ಬಿಡಿಸಿದ. ಹಳ್ಳದಾಚೆಯ ತಗ್ಗಿನಲ್ಲಿ ನಮ್ಮನ್ನು ಇರಿಸಿದ. ಅದು ಎರೆ ನೆಲ. ಗೂಟ ನಿಲ್ಲುವುದಿಲ್ಲ, ಮಳೆ ಬಂದರೆ ಹಾಸಿಗೆಯ ಕೆಳಗೆ ನೀರು. ಹಗೇವಿನ ಮಾತೇ ಇಲ್ಲ. ಮರಡಿಯ ಮೇಲೆ ಗೌಡ ಇನ್ನೂ ಮೂರು ಹಗೇವು ತೋಡಿಸಿದ. ತೋಡಿದವರು ನಾವೇ, ಕೂಲಿಗೆ. ಹಳೆಯದರ ಒಳಗೋಡೆ ಸಾರಿಸಲು ದೊಡ್ಡವ್ವನನ್ನೇ ಕರೆಸಿದ, ಅವಳಷ್ಟು ಚೆನ್ನಾಗಿ ಸಾರಿಸುವವರು ಊರಲ್ಲಿ ಇರಲಿಲ್ಲ. ಅವಳು ಕಂದೀಲು ಇಳಿಸಿ ನೋಡಿ, ಇಳಿದು, ಸಾರಿಸಿ, ಕೂಲಿಜೋಳ ಕಟ್ಟಿಕೊಂಡು ಬಂದಳು. ಕೇರಿಗೆ ಬಂದವಳೇ ಒಂದು ಮುಷ್ಟಿ ತೆಗೆದು ಹೊಸ ಗಡಿಗೆಯೊಂದಕ್ಕೆ ಹಾಕಿದಳು.

ಹಗೇವಿನ ಬದಲು ಗಡಿಗೆಗಳು ಬಂದವು. ಸುಗ್ಗಿಯಲ್ಲಿ ಅವಳು ಬುಟ್ಟಿ ಹಿಡಿದು ಮನೆ ಮನೆಗೆ ಹೋದಳು. ಜನ ಬೈದರು, ಯಾರನ್ನು ನಂಬಬೇಕು ಎಂದರು, ಕೊನೆಗೆ ಹಾಕಿದರು. ನನ್ನ ಬಾಗಿಲಲ್ಲಿ ದೇವಕಮ್ಮ ಮುಷ್ಟಿ ತುಂಬಿಕೊಂಡು ನಿಂತಿದ್ದಳು. ದೊಡ್ಡವ್ವ ಬುಟ್ಟಿಯನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡು ಮುಂದಿನ ಮನೆಗೆ ಹೋದಳು. ಮರುದಿನವೂ ಹಾಗೆಯೇ. ಸುಗ್ಗಿ ಮುಗಿಯುವವರೆಗೂ ಹಾಗೆಯೇ.

ಶ್ರಾವಣ ಬಂತು. ಕೆಲಸ ನಿಂತಿತು, ನಮ್ಮ ಮನೆಯ ಗಡಿಗೆ ಖಾಲಿಯಾಯಿತು. ಒಂದು ಬೆಳಿಗ್ಗೆ ದೊಡ್ಡವ್ವ ನಮ್ಮ ಹೊಸ್ತಿಲ ಮುಂದೆ ಜೋಳದ ಸೇರು ಇಟ್ಟಳು. ಎಲ್ಲರಿಗೂ ಕೊಟ್ಟಷ್ಟೇ ಇತ್ತು, ಒಂದು ಕಾಳು ಕಡಿಮೆ ಇರಲಿಲ್ಲ. ಅವಳು ತಿರುಗಿ ಹೋಗುವ ಮೊದಲು ನಾನು ಹೊರಗೆ ಬಂದೆ.

"ದೊಡ್ಡವ್ವ, ನಮ್ಮ ಮುಷ್ಟಿ ಬ್ಯಾಡಂತಿ. ಜೋಳ ಯಾಕ ಕೊಡ್ತಿ?"

ಎಷ್ಟೋ ತಿಂಗಳ ಮೇಲೆ ಅವಳು ನನ್ನ ಮುಖ ನೋಡಿದಳು.

"ಕೊಡೂದು ಹೊಟ್ಟಿ ನೋಡಿ," ಎಂದಳು. "ತಗೊಳ್ಳೂದು ಕೈ ನೋಡಿ."

ದೇವಕಮ್ಮ ಆ ಜೋಳ ಬೀಸಿ ರೊಟ್ಟಿ ಬಡಿದಳು. ನಾನು ಉಂಡೆ.